ಬಿಚ್ಚುವವರ ಕೈ

ಅಮಾವಾಸ್ಯೆಯ ಬೆಳಿಗ್ಗೆ ಬೆಳಗಾವಿಯ ಶಹಾಪುರದ ನಮ್ಮ ಓಣಿಯಲ್ಲಿ ನಡೆದು ನೋಡಿ, ಜಜ್ಜಿದ ಲಿಂಬೆಹಣ್ಣಿನ ವಾಸನೆ ಬರುತ್ತದೆ. ಗಾಡಿ ಇದ್ದವರೆಲ್ಲ ಗಾಡಿ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಚಕ್ರಗಳ ಕೆಳಗೆ ಒಂದೊಂದು ಲಿಂಬೆಹಣ್ಣಿಟ್ಟು ಅದರ ಮೇಲೆ ಹಾಯಿಸುತ್ತಾರೆ. ಓಣಿಯಲ್ಲಿ ಮಗ್ಗಗಳ ಸದ್ದು ಮೊದಲಿನಷ್ಟಿಲ್ಲ, ಲಿಂಬೆಹಣ್ಣುಗಳು ಮಾತ್ರ ಹೆಚ್ಚಾಗಿವೆ. ಈ ವಾಸನೆ ನಿಮಗೆ ಹಿತವೆನ್ನಿಸಬಹುದು. ನನಗೆ ಅದು ಮೂಗಿಗೆ ತಾಗಿದೊಡನೆ ಬಲಗಾಲಿನ ಅಂಗಾಲು ಜುಮ್ಮೆನ್ನುತ್ತದೆ. ಯಾಕೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ಅವಸರದಲ್ಲಿ ಹೇಳಿದರೆ ನನ್ನ ತಪ್ಪು ಇದ್ದದ್ದಕ್ಕಿಂತ ಚಿಕ್ಕದಾಗಿ ಕಂಡೀತು.

ನಾನು ಮೋಜಣಿದಾರನಾಗಿದ್ದವನು. ಖಾನಾಪುರ ತಾಲೂಕಿನ ಹೊಲಗಳ ಬದುವಿನ ಮೇಲೆ ಸರಪಳಿ ಎಳೆದು ಅಳೆಯುತ್ತ ನೌಕರಿ ಮುಗಿಸಿದೆ. ಅಳತೆಯೇ ಹೊಟ್ಟೆಪಾಡಾಗಿದ್ದ ಮನುಷ್ಯ ಒಂದು ನಟ್ಟನ್ನು ಎಷ್ಟು ಬಿಗಿಯಬೇಕು ಎಂಬ ಅಳತೆಯಲ್ಲಿ ಮುಗ್ಗರಿಸಿದ ಎಂದರೆ ನಗು ಬರುತ್ತದೆ. ನಗಿ, ಅಡ್ಡಿಯಿಲ್ಲ. ನಾನೂ ಆಗಾಗ ನಗುತ್ತೇನೆ, ಪೂರ್ತಿ ಅಲ್ಲ.

ಈ ಅಳತೆ ಬಲ್ಲವನು ನಮ್ಮ ಕಾಕಾ, ಅಪ್ಪನ ತಮ್ಮ. ಪಾರಿಶ್ವಾಡದಿಂದ ಬೆಳಗಾವಿಗೆ ಮಂದಿಯನ್ನು ತುಂಬಿಕೊಂಡು ಬರುವ ಟೆಂಪೊ ಓಡಿಸುತ್ತಿದ್ದ. ಕಣ್ಣಿಗೆ ಪೊರೆ ಬಂದ ಮೇಲೆ ಅದನ್ನು ಮಾರಿದ. ನಾನು ಮೊದಲ ಸಲ ಕಾರು ಕೊಂಡು ಊರಿಗೆ ಒಯ್ದಾಗ ಅವನು ಬಣ್ಣ ನೋಡಲಿಲ್ಲ, ಒಳಗೆ ಕುಳಿತೂ ನೋಡಲಿಲ್ಲ. ಡಿಕ್ಕಿ ತೆರೆಸಿ, ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ಒಂದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ತಮ್ಮಾ, ಪಾನಾಕ್ಕ ಕೈ ಹಚ್ಚಬೇಕು, ಕಾಲ ಹಚ್ಚಬಾರ್ದು. ಬಿಗೀ ಮಾಡಾಂವ, ಬಿಚ್ಚಾವರು ಯಾರು ಅಂತ ಮೊದ್ಲ ನೆನಸ್ಕೋಬೇಕು. ದಾರ್ಯಾಗ ನಿನ್ನ ಹೇಂತಿ ಒಬ್ಬಾಕಿನ ಇದ್ರ?"

"ಹಂಗಾರ ಸಡ್ಲ ಬಿಡೂದೇನ ಕಾಕಾ?"

"ಸಡ್ಲ ಬಿಡು ಅಂದ್ನೇನ ನಾ? ಕೈಲೆ ಬಿಗಿ. ಹತ್ತು ಮೈಲ್ ಹೋದ ಮ್ಯಾಲ ಇಳದು ಮತ್ತೊಮ್ಮೆ ನೋಡು. ಇಳದು ನೋಡೂದು ಬ್ಯಾಸರಾ ಅಂತ ಮಂದಿ ಕಾಲ ಕೊಡ್ತಾರ."

ತಲೆಯಾಡಿಸಿದೆ. ಕೆಲವು ವರ್ಷ ಹಾಗೆಯೇ ನಡೆದೆ ಕೂಡ.

ಆಮೇಲೆ ಒಂದು ದಿನ ಖಾನಾಪುರದ ರಸ್ತೆಯಲ್ಲಿ ನಾನು ಒಂದು ಚಕ್ರವನ್ನು ಕಂಡೆ. ನೇರಳೆಹಣ್ಣಿನ ಕಾಲ. ರಸ್ತೆಯ ಬದಿಗೆ ಬುಟ್ಟಿಗಳನ್ನಿಟ್ಟುಕೊಂಡು ಹೆಂಗಸರು ಕುಳಿತಿದ್ದರು. ಎದುರಿನಿಂದ ಬರುತ್ತಿದ್ದ ಒಂದು ಸರಕಿನ ಗಾಡಿಯಿಂದ ಮುಂದಿನ ಚಕ್ರ ಕಳಚಿಕೊಂಡಿತು. ಗಾಡಿ ನೆಲ ಕೆರೆಯುತ್ತ ನಿಂತಿತು, ಚಕ್ರ ನಿಲ್ಲಲಿಲ್ಲ. ಎಲ್ಲಿಗೋ ಕೆಲಸವಿದ್ದಂತೆ ಒಂದೇ ಹದದಲ್ಲಿ ಉರುಳುತ್ತ ನನ್ನ ಕಾರಿನ ಪಕ್ಕದಲ್ಲಿ ಹಾದು, ಒಬ್ಬ ಹೆಂಗಸಿನ ಬುಟ್ಟಿಯ ಮೇಲೆ ಹರಿದು, ಗದ್ದೆಗೆ ಇಳಿದು ಮಲಗಿತು. ಬುಟ್ಟಿಗೂ ಅವಳ ಮೊಣಕಾಲಿಗೂ ನಡುವೆ ಒಂದು ಗೇಣು ಅಂತರ. ನಾನು ಇಳಿದು ಹೋದಾಗ ಅವಳು ಕುಳಿತಲ್ಲೇ ಕುಳಿತಿದ್ದಳು, ಸುತ್ತ ನೆಲವೆಲ್ಲ ನೇರಳೆ ಬಣ್ಣ.

"ಈಗಷ್ಟ ನೆಳ್ಳಿಗಂತ ಬಾಜೂಕ ಸರದಿದ್ದೆ, ಯಪ್ಪಾ," ಅಂದಳು. ಬುಟ್ಟಿಯ ಕಡೆ ನೋಡಿ ಮತ್ತೆ, "ಈಗಷ್ಟ."

ಗಾಡಿಯವನು ನಟ್ಟುಗಳನ್ನು ಸರಿಯಾಗಿ ಬಿಗಿದಿರಲಿಲ್ಲವಂತೆ. ಕಾಕಾನಿಗೂ ಇದನ್ನು ಹೇಳಿದ್ದೆ. ಅಂದಿನಿಂದ ನನಗೆ ಯಾವ ಬಿಗಿಯೂ ಸಾಲದಾಯಿತು. ಪ್ರತಿ ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಪಾನಾ ಹಚ್ಚಿ, ಅದರ ಹಿಡಿಯ ಮೇಲೆ ಬಲಗಾಲಿಟ್ಟು ನಿಂತು, ಒಂದೊಂದು ನಟ್ಟಿಗೆ ಒಂದೊಂದು ಕುಪ್ಪಳಿಕೆ. ಹದಿನಾರು ನಟ್ಟು, ಹದಿನಾರು ಕುಪ್ಪಳಿಕೆ. ಜಂಗು ಹಿಡಿಯಬಾರದೆಂದು ಎಣ್ಣೆಯನ್ನೂ ಬಿಡುತ್ತಿದ್ದೆ. ಎಣ್ಣೆ ಕುಡಿದ ನಟ್ಟು ಇನ್ನಷ್ಟು ಒಳಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಒಮ್ಮೆಯೂ ಸಡಿಲಿಸದೆ ತಿಂಗಳಿಗೊಮ್ಮೆ ಬಿಗಿಯುತ್ತ ಹೋದೆ. ಓಣಿಯವರು ಅದನ್ನು ನಮ್ಮ ಮನೆತನದ ಪದ್ಧತಿ ಎಂದುಕೊಂಡಿದ್ದರು. ಇಬ್ಬರು ಅನುಸರಿಸಿದರು ಕೂಡ.

ಮೊದಲ ಸೂಚನೆ ಬ್ರೇಕಿನಿಂದ ಬಂತು. ಒತ್ತಿದರೆ ಪಾದದ ಕೆಳಗೆ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಉದ್ಯಮಬಾಗದ ಮಿಸ್ತ್ರಿಯೊಬ್ಬ ಮಾರುದ್ದದ ಪೈಪು ಹಾಕಿ, ಹಲ್ಲು ಕಚ್ಚಿ, ಚಕ್ರ ಬಿಚ್ಚಿದ.

"ಸಾಹೇಬ್ರ, ನಟ್ಟ ಯಾರು ಬಿಗದಾರ್ರಿ?"

"ನಾನ." ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಗಾಡಿ ಮ್ಯಾಲ ಏನರ ಸಿಟ್ಟೈತೇನ್ರಿ? ಒಂದ ಹೆಚ್ಚ, ಒಂದ ಕಡಿಮಿ ಜಗ್ಗಿ ಒಳಗಿನ ಬ್ರೇಕಿನ ತಟ್ಟಿನ ಬಾಗಿಸೀರಿ."

ತಟ್ಟೆ ಬದಲಿಸಿ, ಹದವಾಗಿ ಬಿಗಿದು ಕೊಟ್ಟ. ನಾನು ಮನೆಗೆ ಬಂದೆ. ಅವನು ಬಿಗಿದದ್ದು ಸಾಲದು ಅನ್ನಿಸಿತು. ಆ ಹೆಂಗಸಿನ ಮೊಣಕಾಲು ಕಣ್ಣಿಗೆ ಬಂತು. ಮತ್ತೆ ಹದಿನಾರು ಕುಪ್ಪಳಿಕೆ.

ಅದಾಗಿ ಒಂದು ವರ್ಷಕ್ಕೆ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಕಾಕು ಎಂದರೆ ಕಾಕಾನ ಹೆಂಡತಿ, ನನ್ನನ್ನು ಅರ್ಧ ಸಾಕಿದವಳು. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಸೇರಿಸಿದೆವು. ಬೆಳಿಗ್ಗೆ ಹನ್ನೊಂದಕ್ಕೆ ಆಪರೇಶನ್. ಹಿಂದಿನ ಸಂಜೆ ಕಾಕಾ ಊರಿಗೆ ಹೋಗಿದ್ದ. ಅವರ ಎಮ್ಮೆ ಬೇರೆಯವರ ಕೈಗೆ ಹಾಲು ಬಿಡುತ್ತಿರಲಿಲ್ಲ. ಜೊತೆಗೆ ಕಾಕು ತಾನೇ ಹೊಲಿದ ಕೌದಿ ಬೇಕೆಂದಿದ್ದಳು. ಬೆಳಿಗ್ಗೆ ಅವನನ್ನು ಕರೆತರುವುದು ನನ್ನ ಕೆಲಸ.

"ಅವರ ಮಾರಿ ನೋಡೂತನಾ ನಾ ಒಳಗ ಹೋಗಂಗಿಲ್ಲ," ಎಂದು ಕಾಕು ನರ್ಸಿಗೆ ಹೇಳಿದ್ದಳು, ಡಾಕ್ಟರಿಗೆ ಹೇಳಿದ್ದಳು, ನೆಲ ಒರೆಸುವವಳಿಗೂ ಹೇಳಿದ್ದಳು. ಬದುಕಿ ಬರುತ್ತೇನೆಂಬ ಭರವಸೆ ಅವಳಿಗೆ ಇರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಕಾಕಾ ಕೌದಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತ. ಪಾರಿಶ್ವಾಡ ಬಿಟ್ಟಾಗ ಎಂಟೂವರೆ. ಖಾನಾಪುರ ಇನ್ನೂ ಮುಟ್ಟಿರಲಿಲ್ಲ, ಹಿಂದಿನ ಎಡಚಕ್ರ ಪಂಚರ್ ಆಯಿತು.

"ಹತ್ತು ಮಿನಿಟ, ಕಾಕಾ," ಎಂದು ಇಳಿದೆ.

ಮೊದಲ ನಟ್ಟು ಕದಲಲಿಲ್ಲ. ಎರಡನೆಯದೂ, ಮೂರನೆಯದೂ, ನಾಲ್ಕನೆಯದೂ. ಪಾನಾದ ಮೇಲೆ ನಿಂತೆ, ಕುಪ್ಪಳಿಸಿದೆ. ಬಿಗಿದ ಕಾಲು ನನ್ನದೇ, ಬಿಚ್ಚಬೇಕಾದ ಕಾಲೂ ನನ್ನದೇ, ಆದರೆ ಒಂದು ವರ್ಷದ ಕುಪ್ಪಳಿಕೆಗಳ ಎದುರು ಒಂದು ಬೆಳಗಿನದು ಎಲ್ಲಿಗೆ ಸಾಲಬೇಕು? ಕಾಕಾ ಇಳಿದು ಬಂದು ನೋಡಿದ.

"ಇಳಿ ಕೆಳಗ."

ಇಳಿದೆ. ಅವನು ಕುಕ್ಕರಗಾಲಲ್ಲಿ ಕುಳಿತು, ನಾಡಿ ಹಿಡಿದು ನೋಡುವವರ ಹಾಗೆ ನಟ್ಟಿನ ಮೇಲೆ ಬೆರಳಿಟ್ಟ. "ಯಾರು ಬಿಗದಾರ?"

"ನಾನ, ಕಾಕಾ."

ಅವನು ಎದ್ದು ರಸ್ತೆಗೆ ಹೋಗಿ, ಬರುವ ಗಾಡಿಗಳಿಗೆ ಕೈ ಅಡ್ಡ ಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ತನ್ನ ಪೈಪು ಕೊಟ್ಟ. ಎರಡು ನಟ್ಟು ಚೀರುತ್ತ ಬಿಚ್ಚಿಕೊಂಡವು. ಮೂರನೆಯದು ಇದ್ದಕ್ಕಿದ್ದಂತೆ ಮೆತ್ತಗೆ ತಿರುಗಿತು. ಬಿಚ್ಚಿತು ಎಂದು ಖುಷಿಪಟ್ಟೆ. ಟಕ್ ಎಂದಿತು. ಬೋಲ್ಟೇ ಮುರಿದು, ನಟ್ಟಿನ ಸಮೇತ ನನ್ನ ಕೈಗೆ ಬಂದಿತ್ತು, ಬೆಚ್ಚಗೆ. ನಾಲ್ಕನೆಯದರ ಮೂಲೆಗಳು ಸವೆದು ಗುಂಡಗಾಗಿ, ಪಾನಾ ಹಿಡಿಯದೆ ಜಾರತೊಡಗಿತು. ಮತ್ತೆ ಮತ್ತೆ ಹಚ್ಚಿದೆ.

"ಸಾಕು ಬಿಡು," ಅಂದ ಕಾಕಾ. "ಇನ್ನ ಅದಕ್ಕ ತ್ರಾಸ ಕೊಡಬ್ಯಾಡ."

ಆಗ ಹತ್ತು ದಾಟಿ ಐದು ನಿಮಿಷ. ಆಸ್ಪತ್ರೆಯಲ್ಲಿದ್ದ ಹೆಂಡತಿ ಶೋಭಾಗೆ ಫೋನ್ ಮಾಡಿ, ಡಾಕ್ಟರಿಗೆ ಸ್ವಲ್ಪ ತಡೆಯಲು ಹೇಳು ಎಂದೆ. ಕಾರನ್ನು ಅಲ್ಲೇ ಬಿಟ್ಟು, ಹಾಲಿನ ಗಾಡಿಯೊಂದರಲ್ಲಿ ಖಾನಾಪುರಕ್ಕೆ, ಅಲ್ಲಿಂದ ಬಸ್ಸಿಗೆ. ಕಿಟಕಿಯ ಪಕ್ಕ ಕಾಕಾ, ತೊಡೆಯ ಮೇಲೆ ಕೌದಿ. ಅದರ ಅಂಚನ್ನು ಹಿಡಿದ ಅವನ ಬೆರಳ ಗಿಣ್ಣುಗಳು ಬಿಳಿಚಿದ್ದವು.

"ನಂದ ತಪ್ಪು, ಕಾಕಾ."

ಅವನು ಕಿಟಕಿಯಿಂದ ನನ್ನತ್ತ ತಿರುಗಿದ. "ಆ ಗಾಲಿ ನೋಡಿದ್ದ್ಯಲ್ಲ ನೀ, ನೇರಳಿಹಣ್ಣಿನಾಕಿ ಬಾಜು ಹೋಗಿದ್ದು? ಅಂಜಿದಾಂವ ಬಿಗೀ ಮಾಡ್ತಾನ. ಈಗ ನಾನೂ ಅಂಜೇನಿ. ಸುಮ್ನ ಕುಂದರು."

ನಾವು ಮುಟ್ಟಿದಾಗ ಹನ್ನೆರಡೂವರೆ. ಡಾಕ್ಟರು ಅರ್ಧ ತಾಸು ಕಾದಿದ್ದರಂತೆ. ಅದಕ್ಕಿಂತ ಹೆಚ್ಚು ಅವರ ಕೈಯಲ್ಲಿರಲಿಲ್ಲ. ಬಾಗಿಲ ಬಳಿ ಸ್ಟ್ರೆಚರ್ ನಿಂತಾಗ ಕಾಕು ಶೋಭಾಳ ಕೈ ಹಿಡಿದು, "ಬಂದ್ರೇನ?" ಎಂದು ಕೇಳಿದಳಂತೆ. ಶೋಭಾ ಅವತ್ತಿನವರೆಗೆ ಕಾಕುವಿಗೆ ಸುಳ್ಳು ಹೇಳಿದವಳಲ್ಲ. "ಬಂದಾರ್ರೀ, ಕೆಳಗ ಚಪ್ಪಲಿ ಬಿಡಾಕತ್ತಾರ," ಅಂದಳು. ಕಾಕು "ಹೂಂ" ಎಂದು ಕೈಬಿಟ್ಟು ಒಳಗೆ ಹೋದಳು.

ಆ ಮುಚ್ಚಿದ ಬಾಗಿಲಿನ ಎದುರು ನಾನು ಕಳೆದ ಎರಡೂವರೆ ತಾಸನ್ನು ಯಾವ ಸರಪಳಿಯಿಂದಲೂ ಅಳೆಯಲಾರೆ. ಕಿಸೆಯಲ್ಲಿ ಮುರಿದ ಬೋಲ್ಟಿತ್ತು. ಅವಳು ಹೊರಗೆ ಬಾರದೆ ಹೋದರೆ ಕಾಕಾನ ಮುಖವನ್ನು ಇನ್ನು ಹೇಗೆ ನೋಡುವುದು ಎಂಬುದೊಂದೇ ಯೋಚನೆ.

ಬಂದಳು. ಸಂಜೆ ಕಣ್ಣು ತೆರೆದಳು. ಕಾಕಾ ಕೌದಿ ಹೊದಿಸಿ, "ದಾರ್ಯಾಗ ಪಂಚರ್ ಆತು," ಎಂದ. ಅಷ್ಟೇ. ಅದು ಸುಳ್ಳಲ್ಲ, ನನ್ನ ಪಾಲನ್ನು ಬಿಟ್ಟು ಹೇಳಿದ ನಿಜ. ನಕಾಶೆಯಲ್ಲಿ ಒಂದು ಹೊಲವನ್ನೇ ಕೈಬಿಟ್ಟ ಹಾಗೆ. ಕಾಕಾ ಮುಂದೆ ನಾಲ್ಕು ವರ್ಷ ಬದುಕಿದ್ದ, ಒಂದು ದಿನವೂ ಆ ಮಾತೆತ್ತಲಿಲ್ಲ. ಅವನು ಹೋದ ಮೇಲೆ ಕಾಕು ನಮ್ಮ ಮನೆಗೆ ಬಂದಳು. ಅವಳಿಗೆ ಹೇಳಬೇಕೆಂದು ಪ್ರತಿ ಅಮಾವಾಸ್ಯೆ ಬಾಯಿ ತೆರೆಯುತ್ತಿದ್ದೆ, ಲಿಂಬೆಹಣ್ಣು ತರಲು ಹೇಳಿ ಮುಚ್ಚುತ್ತಿದ್ದೆ.

ಈಗ ನನ್ನ ಬಳಿ ಅಳತೆಯ ಪಾನಾ ಇದೆ. ಬೇಕಾದಷ್ಟು ಬಿಗಿಯಾದೊಡನೆ 'ಟಿಕ್' ಎನ್ನುತ್ತದೆ. ಸಾಕು ಎಂದು ಹೇಳಬಲ್ಲ ಉಪಕರಣ, ಇದಕ್ಕಾಗಿ ಅದನ್ನು ಮಾಡಿದವರಿಗೆ ಕೈಮುಗಿಯುತ್ತೇನೆ. ಆದರೂ ಅದರ ಮಾತೊಂದನ್ನೇ ನಂಬುವುದಿಲ್ಲ. ಬಿಗಿದಾದ ಮೇಲೆ ಕಾಕುವನ್ನು ಕರೆದು, ಗಾಡಿಯ ಜೊತೆ ಬಂದ ಹಳೆಯ ಪಾನಾವನ್ನು ಕೈಗೆ ಕೊಟ್ಟು, ಒಂದೊಂದೇ ನಟ್ಟು ಬಿಚ್ಚಲು ಹೇಳುತ್ತೇನೆ. ಅವಳು ಅದನ್ನು ಪೂಜೆಯ ಭಾಗವೆಂದೇ ತಿಳಿದು, ಪಾನಾವನ್ನು ಕಣ್ಣಿಗೊತ್ತಿಕೊಂಡು, ಎರಡೂ ಕೈಯೂರಿ ಮೈಭಾರ ಬಿಡುತ್ತಾಳೆ. ನಟ್ಟು ಸಡಿಲುತ್ತದೆ. ನಾನು ಮತ್ತೆ 'ಟಿಕ್' ಎನ್ನುವವರೆಗೆ ಬಿಗಿಯುತ್ತೇನೆ.

ಇವತ್ತು ಅಮಾವಾಸ್ಯೆ, ಅವಳನ್ನು ತವರೂರಾದ ಹಲಸಿಗೆ ಕರೆದೊಯ್ಯಬೇಕಿತ್ತು. ಮೊದಲ ನಟ್ಟು ಬಿಚ್ಚಿದವಳು ಸೊಂಟ ಹಿಡಿದು ನಿಂತಳು.

"ತಮ್ಮಾ, ಓಣ್ಯಾಗ ಮತ್ಯಾರೂ ಹಿಂಗ ಪೂಜಿ ಮಾಡಂಗಿಲ್ಲಲ್ಲೋ?"

ಹೇಳಿಬಿಟ್ಟೆ. ಕುಪ್ಪಳಿಕೆ, ಎಣ್ಣೆ, ಮುರಿದ ಬೋಲ್ಟು, ಎಲ್ಲ. ಅವಳು ನನ್ನನ್ನಲ್ಲ, ಚಕ್ರವನ್ನು ನೋಡುತ್ತ ಕೇಳಿಸಿಕೊಂಡಳು.

"ಶೋಭಾ ಅವತ್ತ, ಚಪ್ಪಲಿ ಬಿಡಾಕತ್ತಾರ ಅಂದ್ಲು," ಅಂದಳು ಕೊನೆಗೆ. "ಸುಳ್ಳ ಅಂತ ಆಗ ಗೊತ್ತಿತ್ತು. ನಿಮ್ಮ ಕಾಕಾ ಬಂದಿದ್ರ ಚಪ್ಪಲಿ ಬಿಡಾಕ ನಿಲ್ತಿದ್ರೇನ?"

"ಮತ್ತ್ಯಾಕ ಒಳಗ ಹೋದಿ, ಕಾಕು?"

"ನಾ ಹಟ ಹಿಡದ್ರ ಅಕಿ ಅತ್ತಬಿಡ್ತಿದ್ಲು, ಪಾಪ." ಪಾನಾವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ನಿಮ್ಮ ಕಾಕಾ ನಂಗ ಹೇಳ್ಲಿಲ್ಲ ಅಂದ್ರ, ಹೇಳೂವಂಥಾದ್ದು ಏನೂ ಇರ್ಲಿಲ್ಲ ಅಂತ. ನಡಿ, ಇನ್ನ ಮೂರು ಅದಾವಲ್ಲ ಈ ಗಾಲಿಗೆ."

ನಾಲ್ಕೂ ಚಕ್ರ ಮುಗಿಸಿ, ಲಿಂಬೆಹಣ್ಣು ಹಾಯಿಸಿ, ಹೊರಟೆವು. ಕಾಕು ಪಕ್ಕದಲ್ಲಿ, ತೊಡೆಯ ಮೇಲೆ ಅದೇ ಕೌದಿ. ಊರು ಹಿಂದಾಯಿತು. ಹೇಳಿದ್ದರ ಹಗುರದಲ್ಲಿ ನಾನು ಏನೇನೋ ಮಾತಾಡುತ್ತಿದ್ದೆ. ಅವಳು ಕಿಟಕಿಯಿಂದ ಮೈಲಿಗಲ್ಲುಗಳನ್ನು ನೋಡುತ್ತಿದ್ದವಳು, ತಿರುಗದೆಯೇ ಅಂದಳು:

"ಹತ್ತು ಮೈಲ್ ಆತು. ಇಳದು ನೋಡಂಗಿಲ್ಲೇನ?"

ಗಾಡಿ ಬದಿಗೆ ಹಾಕಿ ಇಳಿದೆ. ಎಲ್ಲ ಇದ್ದಹಾಗೇ ಇದ್ದವು. ಆದರೂ ಹದಿನಾರನ್ನೂ ನೋಡಿದೆ, ಒಂದೊಂದನ್ನೇ, ಕುಕ್ಕರಗಾಲಲ್ಲಿ ಕುಳಿತು, ಕೈಯಿಂದ.