ವೀಳ್ಯ ಕೊಟ್ಟು ಹಿಡಿದ ಮಳಿಗೆ

ಹೊಸಪೇಟೆಯ ಬಜಾರಿನಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇತ್ತು. ನಮ್ಮದು ಅಂದೆನಲ್ಲ, ಸುಡುಗಾಡು, ಹಾಗೆ ಅಂದುಕೊಂಡೇ ಕೆಟ್ಟೆವು. ಮಳಿಗೆ ಸಾವ್ಕಾರರದು, ನಾವು ಬಾಡಿಗೆಗಿದ್ದೆವು. ಒಳಗಿನ ಭಟ್ಟಿ ಮಾತ್ರ ಅವ್ವ ಕಟ್ಟಿದ್ದು. ಮಣ್ಣು ಕಲಸಿ, ಗೋಡೆಗೆ ಆನಿಸಿ, ಕೈಯಿಂದಲೇ ತಟ್ಟಿ ಎಬ್ಬಿಸಿದ್ದಳು. ಕಂಪ್ಲಿಯ ಭತ್ತ, ಹೊಳೆಯ ಮರಳು, ಅವಳ ಉರಿಯ ಹದ. ಆ ಮಂಡಕ್ಕಿಗೆ ಸಂಡೂರಿನಿಂದಲೂ ಜನ ಬರುತ್ತಿದ್ದರು.

ಮೊದಲಿಗೊಮ್ಮೆ ಕರಾರುಪತ್ರ ಆಗಿತ್ತು. ಆಮೇಲೆ ಪ್ರತಿ ದೀಪಾವಳಿ ಪಾಡ್ಯಕ್ಕೆ ಅಪ್ಪ ಸಾವ್ಕಾರರ ಮನೆಗೆ ಎಲೆ ಅಡಿಕೆ ಒಯ್ಯುತ್ತಿದ್ದ. ಹಿರಿಯ ಸಾವ್ಕಾರರು ಆ ವೀಳ್ಯ ತೆಗೆದುಕೊಂಡು, "ನಡೀಲಪ್ಪ, ಇನ್ನೊಂದು ವರ್ಷ" ಎನ್ನುತ್ತಿದ್ದರು. ಅಷ್ಟೇ. ಅವರು ತೀರಿಹೋದ ವರ್ಷ ಮಗನೂ ವೀಳ್ಯ ತೆಗೆದುಕೊಂಡ, ಬಾಯಿಗೂ ಹಾಕಿಕೊಂಡ. ಮಾತು ಮಾತ್ರ ಆಡಲಿಲ್ಲ. ಸಂಕ್ರಾಂತಿ ಮುಗಿಯುತ್ತಲೇ ಮಳಿಗೆ ಬಿಡಿ ಎಂದು ನೋಟೀಸು ಕಳಿಸಿದ. ಅವನ ಬಾಯಿಗೆ ಮಣ್ಣು ಬೀಳ!

ಅಪ್ಪ, ಅವ್ವ, ನಾನು ವಕೀಲರ ಹತ್ತಿರ ಹೋದೆವು.

"ವೀಳ್ಯ ತಗೊಂಡಾರ್ರಿ," ಎಂದ ಅಪ್ಪ. "ತಗೊಂಡ ಮ್ಯಾಲೆ ವರ್ಷ ಕೊಟ್ಟಂಗ ಅಲ್ಲೇನ್ರಿ?"

ವಕೀಲರು ಕೆಟ್ಟವರಲ್ಲ. ಕರಾರುಪತ್ರ ಪೂರ್ತಿ ಓದಿದರು. "ವೀಳ್ಯಕ್ಕ ಕೋರ್ಟಿನ್ಯಾಗ ಬೆಲಿ ಇಲ್ಲಪ್ಪ. ಮುದ್ದತು ಯಾವಾಗೋ ಮುಗದೈತಿ. ಹೊಸಾ ಕರಾರು ಬರೆಸ್ಕೋಬೇಕಿತ್ತು."

"ಹೋಗ್ಲಿ ಬಿಡ್ರಿ, ನನ್ನ ಭಟ್ಟಿ?" ಎಂದಳು ಅವ್ವ.

"ನೆಲಕ್ಕ, ಗ್ವಾಡಿಗೆ ಹತ್ತಿಸಿ ಕಟ್ಟಿದ್ದು ಮಳಿಗಿ ಜೋಡಿನ ಹೋಗ್ತೈತವ್ವ. ಹಂಗಂತ ಬರದೈತಿ, ನಿನ್ನ ಗಂಡ ಹೆಬ್ಬಟ್ಟು ಒತ್ಯಾನ."

ಅವ್ವ ಅಪ್ಪನ ಮುಖ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು, ಆ ನೋಟ ತಾಳಲಾಗದೆ ನಾನು ಎದ್ದು ಹೊರಗೆ ಬಂದೆ.

ಬಿಟ್ಟುಕೊಡುವ ದಿನ ಹಾರೆ ಎತ್ತಿಕೊಂಡೆ, ಭಟ್ಟಿ ಒಡೆದೇಬಿಡುತ್ತೇನೆಂದು. ಅಪ್ಪ ಕೈ ಹಿಡಿದ. "ಬ್ಯಾಡಲೇ. ಅನ್ನ ಕೊಟ್ಟ ಒಲಿ ಅದು." ಬಾಣಲೆ, ಜರಡಿ ಹೊತ್ತುಕೊಂಡು ಮನೆಗೆ ಬಂದೆವು.

ಹೊಸ ಬಾಡಿಗೆದಾರನ ಕೈಗೆ ಮಂಡಕ್ಕಿ ಅರಳಲೇ ಇಲ್ಲ, ಬರೀ ಕರಕಲು. ಅವನು ಅವ್ವನನ್ನು ಕೂಲಿಗೆ ಕರೆಸಿದ. ಮನೆಯಲ್ಲಿ ಹಿಟ್ಟಿರಲಿಲ್ಲ, ಹೋದಳು. ಸಂಜೆ ಉಡಿಯಲ್ಲಿ ಒಂದಿಷ್ಟು ಮಂಡಕ್ಕಿ ತಂದು ಅಪ್ಪನ ಮುಂದೆ ಸುರುವಿದಳು. ಅಪ್ಪ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ.

"ನಿನ್ನ ಕೈದ ಇದು," ಎಂದವನೇ ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತುಬಿಟ್ಟ.

ಅವ್ವ ಉಡಿ ಕೊಡವಿ ಕೇಳಿದಳು: "ನಾಳೆನೂ ಬಾ ಅಂದಾರ. ಹೋಗ್ಲೇನು?"