ಓದಿ ಹೇಳಿದ ಕಾಗದ

ವಿಜಯಪುರದ ಕೋರ್ಟಿನಲ್ಲಿ ನಾನು ಕರಿ ಕೋಟು ಹಾಕಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಹೊಲದ ಬಾಂದಿನ ಜಗಳ, ಅಣ್ಣತಮ್ಮಂದಿರ ಪಾಲು, ಇವೇ ನನ್ನ ಅನ್ನ. ಪತ್ರಕರ್ತನೊಬ್ಬನ ಪರವಾಗಿ ವಕಾಲತ್ತು ಹಾಕಿದ್ದು ಒಂದೇ ಸಲ. ಆ ಕೇಸಿನಲ್ಲಿ ಎದುರಿನವರಿಗಿಂತ ಹೆಚ್ಚು ಕೆಡಿಸಿದವನು ನಾನೇ ಎಂದು ಈಗ ಅನ್ನಿಸುತ್ತದೆ.

ಅವನು ಬಬಲೇಶ್ವರದವನು, ನನಗಿಂತ ಹತ್ತು ವರ್ಷ ಸಣ್ಣವನು. ಬೆಳಿಗ್ಗೆ ಪೇಪರಿನ ಬಂಡಲು ಬಿಚ್ಚಿ ಅಂಗಡಿಗಳಿಗೆ ಹಾಕುವವನೂ ಅವನೇ, ಆ ಪೇಪರಿಗೆ ಸುತ್ತಲಿನ ಊರುಗಳ ಸುದ್ದಿ ಬರೆಯುವವನೂ ಅವನೇ. ಸಂತೆಯ ದಿನ ಅವನ ಬೈಕು ನಿಂತಲ್ಲೇ ಒಂದು ಪಂಚಾಯ್ತಿ.

"ಲೇ ತಮ್ಮಾ, ನಮ್ಮ ಓಣಿ ನೀರಿನ ಸುದ್ದಿ ಯಾವಾಗ ಹಾಕಾಂವ? ನಾ ಸತ್ತ ಮ್ಯಾಲ ಏನ?"

"ನೀ ಸತ್ರ ಫೋಟೋ ಸಮೇತ ಹಾಕ್ತೀನಿ ಕಾಕಾ, ಚಿಂತಿ ಬಿಡು."

ಅವನದೊಂದು ಪದ್ಧತಿ ಇತ್ತು. ಯಾರೇ ಏನು ಹೇಳಿದರೂ ಡೈರಿಯಲ್ಲಿ ಬರೆದುಕೊಂಡು, ಅವರ ಎದುರೇ ಓದಿ ಹೇಳಿ, ಕೆಳಗೆ ಸಹಿ ಮಾಡಿಸುತ್ತಿದ್ದ. ಸಹಿ ಬಾರದವರಿಗಾಗಿ ಕಿಸೆಯಲ್ಲಿ ಸ್ಟ್ಯಾಂಪ್ ಪ್ಯಾಡು. ಅವನ ಅಜ್ಜ ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದವನು. ಓದಿ ಹೇಳದೆ ಹೆಬ್ಬೆಟ್ಟು ತಗೊಂಡವನು ಕಳ್ಳ ಎಂದು ಮೊಮ್ಮಗನಿಗೆ ಕಲಿಸಿ ಸತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಅವನ ಮೇಲೆ ಜನರಿಗಿದ್ದ ನಂಬಿಕೆಯೆಲ್ಲ ಆ ಡೈರಿಯ ಮೇಲೆ ನಿಂತಿತ್ತು.

ಒಂದು ಹಳ್ಳಿಯ ಕೆರೆಯ ಒಡ್ಡನ್ನು ಟಿಪ್ಪರುಗಳು ನಸುಕಿನಲ್ಲಿ ಬಂದು ಅಗೆದು ಒಯ್ಯುತ್ತಿವೆ ಎಂದು ಅವನು ಬರೆದ. ಗಾಡಿ ಯಾರವು, ನಿಂತು ಮಣ್ಣು ತುಂಬಿಸುವವನು ಯಾರು, ಎಲ್ಲ ಇತ್ತು. ಕಂಡವರ ಹೆಸರು ಮಾತ್ರ ಇರಲಿಲ್ಲ. ವಾರದೊಳಗೆ ಗುತ್ತಿಗೆದಾರನ ವಕೀಲರ ನೋಟಿಸು ಬಂತು: ಸುದ್ದಿ ಕಟ್ಟುಕಥೆ, ಕಂಡವರು ಯಾರೂ ಇಲ್ಲ, ಮಾನ ಹೋಗಿದೆ, ಕ್ಷಮೆ ಕೇಳದಿದ್ದರೆ ಮೊಕದ್ದಮೆ.

ಉತ್ತರ ನಾನು ಬರೆದೆ. ತಿಕೋಟಾದ ನಮ್ಮ ಅಜ್ಜ ಹೇಳುತ್ತಿದ್ದ, "ಕೋರ್ಟಿನ ಕಾಗದಕ್ಕ ಕೇಳಿದಷ್ಟ ಉತ್ತರ ಕೊಡಬೇಕಪ್ಪಾ. ಹೆಚ್ಚಿಗಿ ಹೇಳಿದ್ದು ಹಗ್ಗ ಆಕ್ಕೈತಿ" ಎಂದು. ಆ ದಿನ ನನಗೆ ಅಜ್ಜನ ಮಾತಿಗಿಂತ ನನ್ನ ಬರವಣಿಗೆಯ ಮೇಲೆ ಪ್ರೀತಿ ಜಾಸ್ತಿ ಇತ್ತು. "ಕಣ್ಣಾರೆ ಕಂಡವರಿಗೆ ಓದಿ ಹೇಳಿ, ಅವರ ಹೆಬ್ಬೆಟ್ಟಿನ ಗುರುತು ಪಡೆದ ಹೇಳಿಕೆ ನನ್ನ ಕಕ್ಷಿದಾರರ ಬಳಿ ಇದೆ" ಎಂದು ಬರೆದೆ. ರಿಜಿಸ್ಟರ್ ಪೋಸ್ಟ್ ಮಾಡಿಸಿ ಬಂದು, ಗೋಳಗುಮ್ಮಟದ ಎದುರಿನ ಹೋಟೆಲಿನಲ್ಲಿ ಅವನಿಗೆ ಚಹಾ ಕುಡಿಸಿದೆ. ಗೆದ್ದವರ ಹಾಗೆ ಇಬ್ಬರೂ ನಕ್ಕೆವು.

ಮತ್ತೊಂದು ವಾರಕ್ಕೆ ಪೊಲೀಸರ ನೋಟಿಸು ಬಂತು. ಸುಳ್ಳು ಸುದ್ದಿ ಬರೆದು ಬೆದರಿಸಿದ ಎಂದು ಗುತ್ತಿಗೆದಾರನ ದೂರು. ವಿಚಾರಣೆಗೆ ಡೈರಿ ಹಾಜರುಪಡಿಸಬೇಕು. ಅವನು ಡೈರಿಯನ್ನು ನನ್ನ ಆಫೀಸಿನ ಕಪಾಟಿನಲ್ಲಿ ಇಟ್ಟ. ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಿ ತಡೆ ತರೋಣ ಎಂದು ನಾನು ಕಾಗದ ಸಿದ್ಧಮಾಡಲು ಕೂತೆ. ಬೇರೆ ದೇಶಗಳಲ್ಲಿ ಪತ್ರಕರ್ತರಿಗೆಂದೇ ವಕೀಲರು ಗುಂಪು ಕಟ್ಟಿಕೊಂಡು ಕೆಲಸ ಮಾಡುವ ವಿಡಿಯೋ ಒಂದನ್ನು ಅವನು ಮೊಬೈಲಿನಲ್ಲಿ ಹುಡುಕಿ ತಂದಿದ್ದ. ಯಾರು ಹೇಳಿದರೆಂಬ ಗುರುತನ್ನೇ ಇಟ್ಟುಕೊಳ್ಳಬೇಡಿ, ಬರೆದವನಿಗಿಂತ ಮೊದಲು ಹೇಳಿದವನನ್ನು ಕಾಯಿರಿ ಎಂಬರ್ಥದ ಮಾತು ಅದರಲ್ಲಿತ್ತು.

"ಅಲ್ರೀ ವಕೀಲ್ರ," ಅಂದ. "ನಮ್ಮಜ್ಜ ಪುಣ್ಯೇದ ಕೆಲಸ ಅಂತ ಕಲಿಸಿದ್ದು ಅಲ್ಲಿ ತಪ್ಪಂತ."

ಆಗ ನನ್ನ ತಲೆಗೆ ಹೊಳೆದದ್ದು ಬೇರೆ. ಡೈರಿ ಕಪಾಟಿನಲ್ಲಿ ಭದ್ರವಾಗಿತ್ತು ನಿಜ. ಆದರೆ ನಾನು ಸಹಿ ಎಂದಿರಲಿಲ್ಲ, ಹೆಬ್ಬೆಟ್ಟು ಎಂದಿದ್ದೆ. ಆ ಹಳ್ಳಿಯಲ್ಲಿ ಈಗ ಹೆಬ್ಬೆಟ್ಟು ಒತ್ತುವವರು ಎಷ್ಟು ಮಂದಿ? ಅವರಲ್ಲಿ ನಸುಕಿನಲ್ಲಿ ಕೆರೆಯಂಗಳಕ್ಕೆ ಆಡು ಹೊಡೆದುಕೊಂಡು ಹೋಗುವವಳು ಒಬ್ಬ ಮುದುಕಿ ಮಾತ್ರ. ಡೈರಿಯಲ್ಲಿ ಹೇಳಿಕೆ ಕೊಟ್ಟ ಆ ಮುದುಕಿಯ ಹೆಸರನ್ನು ನಾನೇ ಬರೆದು, ಅಂಚೆ ಚೀಟಿ ಹಚ್ಚಿ ಕಳಿಸಿದಂತಾಗಿತ್ತು.

ಅವನಿಗೆ ಹೇಳಿದೆ. ಅವನು ಬಯ್ಯಲಿಲ್ಲ. ಬೈಕಿನ ಕೀಲಿ ತಗೊಂಡು ಎದ್ದ.

ನಾವು ಹೋದಾಗ ಮಧ್ಯಾಹ್ನ. ಮುದುಕಿ ಕಟ್ಟೆಯ ಮೇಲೆ ಕೂತು ಆಡಿನ ಮರಿಗೆ ಬೇವಿನ ಸೊಪ್ಪು ತಿನ್ನಿಸುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು.

"ಬಾ ನನ್ನಪ್ಪಾ. ನಿನ್ನ ಪೇಪರ್ ನಮ್ಮ ಮನಿಗೆ ಛಲೋನ ಮಾಡ್ತು ನೋಡು. ಸರಕಾರದಿಂದ ಮುದುಕರ ಪಗಾರ ಮಾಡಿಸಿ ಕೊಡ್ತಾರಂತ ನನಗ."

"ಯಾರಬೇ ಆಯಿ?"

"ಇಬ್ಬರು ಬಂದಿದ್ರು, ಬಿಳೇ ಕಾರಿನ್ಯಾಗ. ಒಬ್ಬಾಂವ ಈ ಮರೀನ್ನ ಎತ್ತಿ ಮುದ್ದಾಡಿದ. ಚಾ ಕುಡದ್ರು. ನನ್ನ ಹೆಸರು ಮೊದಲ ಗೊತ್ತಿತ್ತಪ್ಪಾ ಅವರಿಗೆ!"

ಅವನ ದನಿ ಸಣ್ಣದಾಯಿತು. "ಹೆಬ್ಬಟ್ಟ ಒತ್ತಿದೇನ?"

"ಸುಮ್ಮ ಒತ್ತೇನೇನ್ಲೇ? ನೀ ಕಲಿಸಿಲ್ಲೇನ ನನಗ? ಮೊದಲ ಓದಿ ಹೇಳ್ರಿ ಅಂದೆ. ಓದಿದ್ರು. ನಿನಕಿಂತ ಛಲೋ ಓದಿದ್ರು. ನೀ ನುಂಗಿ ನುಂಗಿ ಓದ್ತಿ."

"ಎಷ್ಟ ಕಾಗದಬೇ?"

"ಮೂರು. ಒಂದ ಓದಿದ್ರು. ಉಳದವು ಅದರ ನಕಲು ಅಂದ್ರು."

ಉಳಿದೆರಡು ಕಾಗದದಲ್ಲಿ ಏನಿದ್ದೀತು ಎಂದು ಊಹಿಸಲು ವಕೀಲನೇ ಆಗಬೇಕಿಲ್ಲ. "ಪತ್ರಕರ್ತ ಮೋಸದಿಂದ ನನ್ನ ಹೆಬ್ಬೆಟ್ಟು ತಗೊಂಡ, ನಾನು ಏನೂ ಕಂಡಿಲ್ಲ" ಎಂದು ಮುದುಕಿಯ ಹೆಸರಿನಲ್ಲಿ. ಅದೊಂದು ಕೋರ್ಟಿಗೆ ಬಂದರೆ ಸಾಕು, ಸುಳ್ಳು ದಾಖಲೆ ಮಾಡಿದವನು ಎಂಬ ಹೊಸ ಕೇಸು ಅವನ ಕೊರಳಿಗೆ.

ನಾನೇ ಮುದುಕಿಗೆ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಮರಿಯನ್ನು ತೊಡೆಯ ಮೇಲಿಂದ ಕೆಳಗಿಳಿಸಿದಳು.

"ಆಯಿ, ಇದನ್ನೂ ಬರಕೊಳ್ಳೋಣು," ಅಂದೆ. "ಅವರು ಬಂದದ್ದು, ಪಗಾರ ಅಂದದ್ದು, ಮೂರರಾಗ ಒಂದ ಓದಿದ್ದು. ನೀ ಹೆಬ್ಬಟ್ಟ ಒತ್ತಿದ್ರ ಇಂವ ಉಳಕೊಳ್ತಾನ."

ಅವನು ಹಾಳೆ ತೆಗೆದ. ಮುದುಕಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬರಕೋರಿ ಬೇಕಾದ್ರ. ನಾ ಒತ್ತಾಂಗಿಲ್ಲ."

"ನಿನಗ ಏನೂ ಆಗದಂಗ ನಾ ನೋಡಕೊಳ್ತೀನಿ ಆಯಿ."

"ನಾಳಿಗೆ ಆಡು ಎಲ್ಲಿ ಬಿಡ್ಲೆಪ್ಪಾ? ನಿನ್ನ ಕೋರ್ಟಿನ್ಯಾಗ?"

ನಾನು ಮತ್ತೊಮ್ಮೆ ಒತ್ತಾಯಿಸಲು ಬಾಯಿ ತೆರೆದೆ. ಅವನು ನನ್ನ ಮೊಣಕೈ ಹಿಡಿದ. "ಬಿಡ್ರಿ ವಕೀಲ್ರ. ಅಕಿ ಒಲ್ಲೆ ಅಂದಾಳ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. ಮುದುಕಿ ಒಳಗೆ ಹೋಗಿ, ಹಾಲಿಲ್ಲದ ಚಹಾ ತಂದುಕೊಟ್ಟಳು. ನಾವು ಕುಡಿಯುವವರೆಗೂ ಬಾಗಿಲ ಸಂದಿಯಲ್ಲೇ ನಿಂತಿದ್ದಳು. ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು ನೋಡಿ, ಮಾತಾಡಿಸದೆ ಒಳಗೆ ಹೋದರು. ನಮ್ಮ ಕಡೆ ಹಳ್ಳಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

ಊರ ಹೊರಗೆ, ಬಸ್ಸು ನಿಲ್ಲುವಲ್ಲಿ, ಬಿಳಿ ಕಾರು ನಿಂತಿತ್ತು. ಒಳಗಿದ್ದವನೊಬ್ಬ ಗಾಜು ಇಳಿಸಿದ.

"ನಮಸ್ಕಾರ್ರೀ ವಕೀಲ್ರ. ಇಂಥಾ ಬಿಸಿಲಾಗ ಇಷ್ಟ ದೂರ? ಆಯಿ ಏನಂದ್ಳು?"

"ಚಾ ಕೊಟ್ಳು," ಅಂದ ಇವನು.

"ಕೊಡ್ತಾಳ, ಕೊಡ್ತಾಳ. ದೊಡ್ಡ ಮನಸಿನ ಹೆಣಮಗಳು. ಅಕಿದೊಂದು ಸಣ್ಣ ಕೆಲಸ ಉಳದೈತಿ ನಮ್ಮದು." ಕಾರಿನವನು ನಗುನಗುತ್ತಲೇ ಗಾಜು ಏರಿಸಿದ. ಕಾರು ವಿಜಯಪುರದ ಕಡೆ ಹೊರಡಲಿಲ್ಲ. ಊರೊಳಗಿನ ದಾರಿ ಹಿಡಿಯಿತು.

ಇವನು ಬೈಕನ್ನು ರಸ್ತೆಯ ಮೇಲೇ ಹಿಂದಕ್ಕೆ ತಿರುಗಿಸಿದ.

"ಹೋಗಿ ಏನ್ ಮಾಡಾಂವ?" ಅಂದೆ.

"ಅಕಿ ಬಾಜೂಕ ಕುಂದರ್ತೀನ್ರಿ. ಅವರು ಹೋಗೂತನಾ." ರಸ್ತೆಯ ಕಡೆ ನೋಡಿ ಹೇಳಿದ, "ವಿಜಯಪುರದ ಬಸ್ಸು ಈಗ ಬರ್ತೈತಿ. ನೀವು ಇಳೀರಿ."

ಬಸ್ಸು ದೂರದಲ್ಲಿ ಧೂಳೆಬ್ಬಿಸಿಕೊಂಡು ಬರುವುದು ನನಗೂ ಕಾಣುತ್ತಿತ್ತು. ನಾನು ಇಳಿಯಲಿಲ್ಲ.