ನಮ್ಮನ್ನು ಹೊರಗೆ ಕಳಿಸಿ ಮತ ಹಾಕಿದ ಭಾನುವಾರ

ಬೋಗಾದಿಯ ಆ ಸಣ್ಣ ಬ್ಯಾಪ್ಟಿಸ್ಟ್ ಚರ್ಚಿನ ಸಭೆಯವರು ನನ್ನ ಗಂಡನನ್ನು ಪಾಸ್ಟರಾಗಿ ಆರಿಸಿಕೊಳ್ಳಬೇಕೋ ಬೇಡವೋ ಎಂದು ಮತ ಹಾಕುತ್ತಿದ್ದಾಗ ನಾವಿಬ್ಬರೂ ಎದುರುಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆವು. ಕುಡಿಯುತ್ತಾ ಎಂದೆನೇ? ನಮ್ಮವರ ಲೋಟದಲ್ಲಿ ಕಾಫಿ ಕೆನೆಗಟ್ಟಿತ್ತು. ನಾನು ನನ್ನದನ್ನು ಒಂದೇ ಗುಟುಕಿಗೆ ಸುರಿದುಕೊಂಡು ನಾಲಗೆ ಸುಟ್ಟುಕೊಂಡಿದ್ದೆ.

ಬೆಳಿಗ್ಗೆ ನಮ್ಮವರು ಅಲ್ಲಿ ಬೈಬಲ್ ಓದಿ ಪ್ರಸಂಗ ಮಾಡಿದ್ದರು. ಆರಾಧನೆ ಮುಗಿಯುತ್ತಲೇ ಸಭೆಯ ಕಾರ್ಯದರ್ಶಿ ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ, ಈಗ ಸದಸ್ಯರು ಮಾತ್ರ ಇರ್ಬೇಕು. ನೀವಿಬ್ರೂ ಸ್ವಲ್ಪ ಹೊರಗಿರ್ತೀರಾ?" ಎಂದರು. ಬಿಸಿಲಿನಲ್ಲಿ ಸ್ಕೂಟರಿನ ಪಕ್ಕ ನಿಂತಿದ್ದ ನಮ್ಮನ್ನು ನೋಡಿ ಎದುರುಮನೆಯ ಆಂಟಿ ಒಳಗೆ ಕರೆದರು. ಅವರು ಕ್ಯಾಥೊಲಿಕ್. ವಿಷಯ ಕೇಳಿ ಅವರಿಗೆ ಆಶ್ಚರ್ಯವೋ ಆಶ್ಚರ್ಯ.

"ನಿಮ್ ಬಿಷಪ್ ಕಳಿಸಿದ್ರೆ ಆಯ್ತಲ್ಲ, ಓಟು ಯಾಕೆ ಕಣಮ್ಮ?"

"ನಮ್ಮಲ್ಲಿ ಬಿಷಪ್ ಇಲ್ಲ ಆಂಟಿ. ಸಭೆಯವರೇ ಆರಿಸ್ಕೋತಾರೆ. ಪಾಸ್ಟರನ್ನೂ ಅವರೇ, ಖಜಾಂಚೀನೂ ಅವರೇ."

"ಬೇಡ ಅಂದ್ಬುಟ್ರೆ?"

"ಮನೆಗೆ ಹೋಗೋದು."

"ಅಯ್ಯೋ! ಹೆಣ್ಣು ನೋಡೋ ಶಾಸ್ತ್ರ ಆಯ್ತಲ್ಲಮ್ಮ ಇದು! ನಮ್ ಫಾದರ್‌ಗಳಿಗೆ ಈ ಪಜೀತಿ ಇಲ್ಲ ನೋಡು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹಳೆಯ ಪಾಸ್ಟರ್ ನಿವೃತ್ತರಾದ ಮೇಲೆ ಆ ಸಭೆ ಹೊಸಬರನ್ನು ಹುಡುಕಲು ಕೆಲವರನ್ನು ನೇಮಿಸಿತ್ತು. ಆಗ ನಮ್ಮವರು ಜಯಲಕ್ಷ್ಮಿಪುರಂನ ನಮ್ಮ ಮನೆಯ ಹತ್ತಿರದ ಸಭೆಯೊಂದರಲ್ಲಿ ಸಹಾಯಕ ಪಾಸ್ಟರಾಗಿದ್ದರು. ಹುಡುಕುವವರು ಯಾರಿಗೂ ಹೇಳದೆ ಅಲ್ಲಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು ಪ್ರಸಂಗ ಕೇಳಿ ಹೋಗಿದ್ದರಂತೆ. ಆಮೇಲೆ ನಮ್ಮಿಬ್ಬರನ್ನೂ ಕರೆಸಿ ಮಾತಾಡಿಸಿದರು. ನೀರಿನಲ್ಲಿ ಮುಳುಗಿಸಿ ಕೊಡುವ ದೀಕ್ಷಾಸ್ನಾನದ ಬಗ್ಗೆ, ಸಭೆಯಲ್ಲಿ ಜಗಳವಾದರೆ ಏನು ಮಾಡುತ್ತೀರಿ ಎಂಬುದರ ಬಗ್ಗೆ ನಮ್ಮವರನ್ನು ಚೆನ್ನಾಗಿ ಜಾಲಾಡಿದರು. ಅವರಲ್ಲಿ ಒಬ್ಬರು ನಿವೃತ್ತ ಟೀಚರಮ್ಮ. ಅವರು ನನ್ನ ಕಡೆ ತಿರುಗಿದರು.

"ನೀವೇನ್ ಕೆಲ್ಸ ಮಾಡ್ತೀರಮ್ಮ?"

"ಆಸ್ಪತ್ರೆ ಲ್ಯಾಬಲ್ಲಿ ಟೆಕ್ನಿಷಿಯನ್."

"ಭಾನುವಾರ ಡ್ಯೂಟಿ ಬಿದ್ರೆ?"

"ಹೋಗ್ಲೇಬೇಕಾಗುತ್ತೆ."

"ಇಲ್ಲಿಗೆ ಬಂದ್ಮೇಲೆ ಕೆಲ್ಸ ಬಿಡ್ತೀರಾ?"

"ಇಲ್ಲಮ್ಮ, ಬಿಡಲ್ಲ."

ಟೀಚರಮ್ಮ ಕನ್ನಡಕ ಮಡಚಿ ಪೆಟ್ಟಿಗೆಯಲ್ಲಿಟ್ಟರು. ಎಲ್ಲವನ್ನೂ ನಾನೇ ಕೆಡಿಸಿದೆ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಹಲುಬಿದೆ. "ಬುಡು, ನಿಜಾನೇ ತಾನೆ ಹೇಳಿದ್ದು?" ಎಂದರು ನಮ್ಮವರು. ಆದರೆ ಈಗ ಆಂಟಿಯ ಸೋಫಾದ ತುದಿಯಲ್ಲಿ ಕೂತಿದ್ದ ಅವರ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು.

ಆಂಟಿಗೆ ನಮಗಿಂತ ಹೆಚ್ಚಿನ ಕಾತರ. ಬಾಲ್ಕನಿಗೆ ಹೋಗಿ, ಎದುರಿನ ಚರ್ಚಿನ ಕಿಟಕಿಯೊಳಗೆ ಇಣುಕಿ ಕ್ರಿಕೆಟ್ ಕಾಮೆಂಟರಿಯಂತೆ ವರದಿ ಕೊಡತೊಡಗಿದರು. "ಯಾರೋ ಎದ್ದು ನಿಂತವ್ರೆ... ಕೈ ಆಡಿಸ್ತಾವ್ರೆ... ಕೂತ್ರು. ಈಗ ಚೀಟಿ ಹಂಚ್ತಾವ್ರೆ ಕಣಮ್ಮ!" ನನಗೆ ಕೂರಲಾಗಲಿಲ್ಲ. ನಾನೂ ಹೋಗಿ ಅವರ ಭುಜದ ಮೇಲಿಂದ ಇಣುಕಿದೆ. ಬಗ್ಗಿದ ತಲೆಗಳಷ್ಟೇ ಕಂಡವು. ಸ್ವಲ್ಪ ಹೊತ್ತಿಗೆ ಹಾಡು ಕೇಳಿಸಿತು.

"ಹಾಡ್ತಿದಾರೆ! ಅಂದ್ರೆ ಆಯ್ತು ಅಂತ ತಾನೆ?" ಎಂದೆ.

"ಚೀಟಿ ಎಣಿಸೋವಾಗ್ಲೂ ಹಾಡ್ತಾರೆ," ಎಂದರು ನಮ್ಮವರು.

ಹಾಡು ನಿಂತಿತು. ಕಾರ್ಯದರ್ಶಿ ಬಾಗಿಲು ತಳ್ಳಿಕೊಂಡು ಹೊರಬಂದರು. ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ, ಕಾದ ರಸ್ತೆಯನ್ನು ಅರ್ಧ ಓಡುತ್ತಲೇ ದಾಟಿ, ಕೆಳಗಿನಿಂದ ಕೂಗಿದರು: "ಬನ್ನಿ ಪಾಸ್ಟರ್! ಪಾಸ್ಟರಮ್ಮ, ಬನ್ನಿ!"

ಪಾಸ್ಟರಮ್ಮ! ಆಂಟಿ ಕಿರುಚಿ ನನ್ನನ್ನು ತಬ್ಬಿಕೊಂಡರು. ನಮ್ಮ ಹಿಂದೆಯೇ ಬಂದು ಸಭೆಯ ಬಾಗಿಲಲ್ಲಿ ನಿಂತರು.

ಮುಕ್ಕಾಲು ಪಾಲು ಸದಸ್ಯರಾದರೂ ಒಪ್ಪಬೇಕೆಂಬುದು ಅಲ್ಲಿಯ ನಿಯಮ. ಅದಕ್ಕಿಂತ ಬಹಳ ಹೆಚ್ಚು ಮತ ಬಂದಿದೆ ಎಂದು ಕಾರ್ಯದರ್ಶಿ ಹೇಳಿ ಮುಗಿಸುವಷ್ಟರಲ್ಲಿ ಟೀಚರಮ್ಮ ಎದ್ದು ನಿಂತರು.

"ಗುಟ್ಟಿನ ಮತ ಆದ್ರೂ ಹೇಳ್ಬುಡ್ತೀನಿ. ನಾನು ಬೇಡ ಅಂತ ಹಾಕ್ದೆ."

ನಾನು ನಮ್ಮವರ ತೋಳು ಹಿಡಿದುಕೊಂಡೆ.

"ಆಯಮ್ಮನ ಕೆಲ್ಸದ ವಿಷಯಕ್ಕಲ್ಲ. ಅವರು ನೇರವಾಗಿ ಹೇಳಿದ್ದು ನಂಗೆ ಇಷ್ಟ ಆಯ್ತು. ಆದ್ರೆ ಪಾಸ್ಟರ್ ಪ್ರಸಂಗ ವಿಪರೀತ ಉದ್ದ ಕಣ್ರೀ! ಇರ್ಲಿ, ಸಭೆ ಹೂಂ ಅಂದಾಯ್ತು. ಇವತ್ತಿಂದ ಇವ್ರು ನಂಗೂ ಪಾಸ್ಟರೇ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಮ್ಮವರೇ ನಕ್ಕರು. ಬೇಡ ಎಂದವರು ಹೀಗೆ ಎದ್ದು ನಿಂತು ಹೇಳಿ, ಮರುಗಳಿಗೆಯೇ ನಮ್ಮ ಜೊತೆ ನಿಲ್ಲುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಈಗ ನಿಮ್ಮ ಉತ್ತರ ಬೇಕು ಪಾಸ್ಟರ್. ಅವಸರ ಇಲ್ಲ, ಮುಂದಿನ ವಾರ ಹೇಳಿದ್ರೂ ಆಯ್ತು," ಎಂದರು ಕಾರ್ಯದರ್ಶಿ.

"ಹೆಂಡ್ತೀನೂ ಕೇಳಿ," ಎಂದರು ಟೀಚರಮ್ಮ.

ಎಲ್ಲರೂ ನನ್ನತ್ತ ತಿರುಗಿದರು. ಮನೆಗೆ ಹೋಗಿ, ಪ್ರಾರ್ಥನೆ ಮಾಡಿ, ಆಮೇಲೆ ಉತ್ತರ ಕೊಡೋಣವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅದೆಲ್ಲ ಎಲ್ಲಿ ಹೋಯಿತೋ! "ಒಪ್ಕೊಂಡ್ವಿ!" ಎಂದುಬಿಟ್ಟೆ. ನಮ್ಮವರು ಕಣ್ಣರಳಿಸಿ ನನ್ನನ್ನು ನೋಡಿ, "ನನ್ನ ಉತ್ತರಾನೂ ಅದೇ," ಎಂದರು.

ಮುಂದಿನದು ಸಭಾಸೇವಕರ ಆಯ್ಕೆ. ಪಾಸ್ಟರ್ ಜೊತೆ ನಿಂತು ಸಭೆಯ ಕೆಲಸ ನೋಡಿಕೊಳ್ಳುವವರು ಇವರೇ. ಯಾರೋ ಟೀಚರಮ್ಮನ ಹೆಸರು ಹೇಳಿದರು. "ಮಂಡಿ ನೋವು ಕಣ್ರೋ, ಬುಟ್ಬುಡಿ," ಎಂದು ಅವರು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಒಪ್ಪುವವರು ಕೈಯೆತ್ತಿ ಎಂದಾಗ ಸಾಲುಸಾಲಾಗಿ ಕೈಗಳು ಮೇಲೆದ್ದವು. ನನ್ನದೂ ಎದ್ದಿತ್ತು. ನಮ್ಮವರು ಅದನ್ನು ಹಿಡಿದು ಕೆಳಗಿಳಿಸಿ ಪಿಸುಗುಟ್ಟಿದರು: "ನಾವಿನ್ನೂ ಇಲ್ಲಿ ಸದಸ್ಯರಲ್ಲ ಕಣೇ, ನಮಗೆ ಓಟಿಲ್ಲ."

ಟೀಚರಮ್ಮ ಗೊಣಗುತ್ತಲೇ ಮುಂದೆ ಬಂದು, ಬೆಂಚು ಹಿಡಿದುಕೊಂಡು ನಿಂತರು. ಅವರಿಗಾಗಿ ಪ್ರಾರ್ಥಿಸಲು ಕಾರ್ಯದರ್ಶಿ ನಮ್ಮವರನ್ನು ಕರೆದರು. ಆ ಸಭೆಯಲ್ಲಿ ನಮ್ಮವರು ಪಾಸ್ಟರಾಗಿ ಮಾಡಿದ ಮೊದಲ ಕೆಲಸ ಅದು. ಎಲ್ಲರೂ ಕಣ್ಣು ಮುಚ್ಚಿ ತಲೆ ಬಗ್ಗಿಸಿದರು. ನಾನು ಕಣ್ಣು ಮುಚ್ಚಲೇ ಇಲ್ಲ, ನೋಡುತ್ತಲೇ ನಿಂತಿದ್ದೆ.